ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು

'ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು' ಎಂಬುದು ಹಿರಿಯರ ಮಾತು. ವಿಡಿಯೋ ಎಂಬ ಹೆಸರನ್ನೇ ಯಾರೂ ಕೇಳಿರದ ಕಾಲದಲ್ಲಿ ಹುಟ್ಟಿದ ಈ ಗಾದೆ, ನ್ಯಾಯಾಲಯಗಳು ವಿಡಿಯೋವನ್ನು ಸಾಕ್ಷ್ಯವೆಂದು ಒಪ್ಪಿಕೊಂಡ ಬಗೆಗೆ ಚೆನ್ನಾಗಿ ಹೊಂದುತ್ತದೆ. ಕ್ಯಾಮರಾ ಕಂಡದ್ದನ್ನು ಕೋರ್ಟು ನೋಡುತ್ತದೆ. ಆದರೆ ನಂಬುವ ಮೊದಲು 'ಇದಕ್ಕೆ ಹೊಣೆ ಯಾರು?' ಎಂದು ಕೇಳುತ್ತದೆ.

ಕಟಕಟೆಯಲ್ಲಿ ನಿಂತ ಸಾಕ್ಷಿ ಆಡುವ ಮಾತೆಲ್ಲ ಕಡತದಲ್ಲಿ ಉಳಿಯುವುದಿಲ್ಲ. ನಮ್ಮ ಕೋರ್ಟುಗಳಲ್ಲಿ ಹೇಳಿಕೆಯನ್ನು ಸಾಮಾನ್ಯವಾಗಿ ಪ್ರಶ್ನೋತ್ತರವಾಗಿ ಅಲ್ಲ, ನಿರೂಪಣೆಯ ರೂಪದಲ್ಲಿ ಬರೆದುಕೊಳ್ಳುವುದು ರೂಢಿ. ವಕೀಲರು ನಾಲ್ಕು ಬಗೆಯಲ್ಲಿ ಕೇಳಿದ ಪ್ರಶ್ನೆ, ಉತ್ತರಿಸುವ ಮೊದಲು ಸಾಕ್ಷಿ ತಡೆದ ಗಳಿಗೆ, ನಡುಗಿದ ದನಿ ಇವೆಲ್ಲ ಕಳೆದುಹೋಗಿ 'ನನಗೆ ಗೊತ್ತಿಲ್ಲ' ಎಂಬ ಒಂದು ವಾಕ್ಯ ಉಳಿಯುತ್ತದೆ. ಮೇಲ್ಮನವಿ ಕೇಳುವ ನ್ಯಾಯಾಧೀಶರ ಮುಂದಿರುವುದು ಆ ವಾಕ್ಯ ಮಾತ್ರ. ಈ ಕೊರತೆ ಕಾನೂನಿಗೆ ತಿಳಿಯದ್ದೇನಲ್ಲ. ಸಾಕ್ಷಿಯ ಹಾವಭಾವದ ಬಗ್ಗೆ ನ್ಯಾಯಾಧೀಶರು ಟಿಪ್ಪಣಿ ಬರೆಯಬೇಕೆಂದು 1973ರ ದಂಡ ಪ್ರಕ್ರಿಯಾ ಸಂಹಿತೆ ಹೇಳಿತ್ತು. ಆ ಟಿಪ್ಪಣಿಯೂ ಮತ್ತೆ ಅಕ್ಷರವೇ. ಮುಖವನ್ನೇ ಉಳಿಸಿಕೊಡುವ ಯಂತ್ರವೊಂದು ಬಂದಾಗ ನ್ಯಾಯಾಂಗ ಅದರತ್ತ ತಿರುಗಿದ್ದು ಸಹಜ.

ಪರದೆಯ ಮೇಲೆ ಸಾಕ್ಷ್ಯ

ಚಲಿಸುವ ಚಿತ್ರ ಸಾಕ್ಷ್ಯವಾಗಿ ಜಗತ್ತಿನ ಗಮನ ಸೆಳೆದದ್ದು ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ. ನಾಜಿ ನಾಯಕರ ವಿಚಾರಣೆ ನಡೆಸುತ್ತಿದ್ದ ಅಂತರರಾಷ್ಟ್ರೀಯ ನ್ಯಾಯಮಂಡಳಿಯ ಮುಂದೆ 1945ರ ನವೆಂಬರ್ 29ರಂದು, ಯಾತನಾ ಶಿಬಿರಗಳಲ್ಲಿ ಮಿತ್ರಪಡೆಗಳು ತೆಗೆದ ಚಿತ್ರಗಳನ್ನು ಪ್ರದರ್ಶಿಸಲಾಯಿತು. ಚಿತ್ರದ ಆರಂಭದಲ್ಲಿ ಕಾಣುವುದು ಶಿಬಿರಗಳಲ್ಲ, ಪ್ರಮಾಣಪತ್ರಗಳು. ಚಿತ್ರೀಕರಣಕ್ಕೆ ಸಂಬಂಧಿಸಿದ ಅಧಿಕಾರಿಗಳು, ಇದರಲ್ಲಿ ಯಾವ ತಿದ್ದುಪಡಿಯೂ ಆಗಿಲ್ಲ ಎಂದು ಪ್ರಮಾಣ ಮಾಡಿ ಸಹಿ ಹಾಕಿದ್ದರು. ಅವರಲ್ಲಿ ಹಾಲಿವುಡ್ ನಿರ್ದೇಶಕ ಜಾರ್ಜ್ ಸ್ಟೀವನ್ಸ್ ಕೂಡ ಒಬ್ಬರು.

ಸಾಕ್ಷಿಯ ಹೇಳಿಕೆಯನ್ನೇ ವಿಡಿಯೋದಲ್ಲಿ ಪಡೆಯುವ ಪದ್ಧತಿ ಬೆಳೆದದ್ದು ಅಮೆರಿಕದಲ್ಲಿ. ಅಲ್ಲಿ ವಿಚಾರಣೆಗೆ ಮುನ್ನವೇ ವಕೀಲರು ಕೋರ್ಟಿನ ಹೊರಗೆ ಸಾಕ್ಷಿಯಿಂದ ಪ್ರಮಾಣಪೂರ್ವಕ ಹೇಳಿಕೆ ಪಡೆಯುವ ಕ್ರಮವಿದೆ. ಶೀಘ್ರಲಿಪಿಯ ಬದಲು ಬೇರೆ ಸಾಧನ ಬಳಸಲು 1970ರಲ್ಲಿ ನ್ಯಾಯಾಲಯದ ಅನುಮತಿಯ ಮೇಲೆ ಅವಕಾಶವಾಯಿತು. ಮರುವರ್ಷವೇ ಓಹಾಯೋ ರಾಜ್ಯದಲ್ಲಿ ನ್ಯಾಯಾಧೀಶ ಜೇಮ್ಸ್ ಮೆಕ್ರಿಸ್ಟಲ್ ಅವರು, ಸಾಕ್ಷ್ಯವನ್ನೆಲ್ಲ ಮೊದಲೇ ಟೇಪ್ ಮಾಡಿಸಿ ಜ್ಯೂರಿಗೆ ತೋರಿಸಿದರು. ಒಪ್ಪತಕ್ಕದ್ದಲ್ಲದ ಮಾತು ಜ್ಯೂರಿಯ ಕಿವಿಗೆ ಬೀಳುವ ಮೊದಲೇ ಅದನ್ನು ತೆಗೆದುಹಾಕಬಹುದಾದದ್ದು ಇದರ ದೊಡ್ಡ ಅನುಕೂಲ. ಬಿಡುವಿಲ್ಲದ ವೈದ್ಯರು ಕೋರ್ಟಿಗೆ ಅಲೆಯುವುದೂ ತಪ್ಪಿತು. 1993ರಿಂದ ಫೆಡರಲ್ ನ್ಯಾಯಾಲಯಗಳಲ್ಲಿ ಅನುಮತಿಯ ಅಗತ್ಯವೂ ಇಲ್ಲವಾಯಿತು. ಆದರೆ ಚಿತ್ರೀಕರಣದ ಕೈಚಳಕದಿಂದ ಸಾಕ್ಷಿಯ ಅಥವಾ ವಕೀಲರ ರೂಪ, ಹಾವಭಾವವನ್ನು ವಿರೂಪಗೊಳಿಸಬಾರದು ಎಂದು ನಿಯಮ ಕಟ್ಟಪ್ಪಣೆ ಮಾಡಿತು. ಮದುವೆ ವಿಡಿಯೋದ ಚಮತ್ಕಾರಗಳಿಗೆ ಇಲ್ಲಿ ಎಡೆಯಿಲ್ಲ.

ಹಾಗೆಂದು ಚಿತ್ರವೇ ಕೊನೆಯ ಮಾತಾಗಲಿಲ್ಲ. 1991ರ ಮಾರ್ಚ್‌ನಲ್ಲಿ ಲಾಸ್ ಏಂಜಲೀಸ್ ಪೊಲೀಸರು ರಾಡ್ನಿ ಕಿಂಗ್ ಎಂಬ ಕರಿಯ ವ್ಯಕ್ತಿಯನ್ನು ಥಳಿಸಿದ್ದನ್ನು ಜಾರ್ಜ್ ಹಾಲಿಡೇ ಎಂಬಾತ ತನ್ನ ಮನೆಯ ಬಾಲ್ಕನಿಯಿಂದ ಸೆರೆಹಿಡಿದ. ಲೋಕವೆಲ್ಲ ಆ ದೃಶ್ಯ ನೋಡಿತು. ಆದರೆ ಪ್ರತಿವಾದಿ ವಕೀಲರು ಅದನ್ನು ನಿಧಾನಗತಿಯಲ್ಲಿ, ಒಂದೊಂದೇ ಚೌಕಟ್ಟಾಗಿ ತೋರಿಸಿ ತಮ್ಮದೇ ಅರ್ಥ ಹೇಳಿದರು. 1992ರ ಏಪ್ರಿಲ್‌ನಲ್ಲಿ ಜ್ಯೂರಿ ಯಾವ ಪೊಲೀಸನನ್ನೂ ಶಿಕ್ಷಿಸಲಿಲ್ಲ. ನಗರ ಹೊತ್ತಿ ಉರಿಯಿತು. ಮರುವರ್ಷ ಫೆಡರಲ್ ನ್ಯಾಯಾಲಯದಲ್ಲಿ ಇಬ್ಬರು ತಪ್ಪಿತಸ್ಥರೆನಿಸಿದರು.

ಟೇಪಿನಿಂದ ತೆರೆಗೆ

ಭಾರತದಲ್ಲಿ ಈ ಕಥೆ ಆರಂಭವಾಗುವುದು ಧ್ವನಿಯಿಂದ. ಫಿಟ್ಜ್‌ಜೇಮ್ಸ್ ಸ್ಟೀಫನ್ ರಚಿಸಿದ 1872ರ ಸಾಕ್ಷ್ಯ ಅಧಿನಿಯಮಕ್ಕೆ ಟೇಪ್ ರೆಕಾರ್ಡರ್ ಗೊತ್ತಿರಲಿಲ್ಲ. ಆದರೆ 'ದಸ್ತಾವೇಜು' ಎಂಬುದಕ್ಕೆ ಅದು ಕೊಟ್ಟ ಅರ್ಥ ವಿಶಾಲವಾಗಿತ್ತು. ಯಾವುದೇ ವಸ್ತುವಿನ ಮೇಲೆ ಅಕ್ಷರ, ಅಂಕಿ ಅಥವಾ ಗುರುತುಗಳಿಂದ ಮೂಡಿಸಿದ್ದೆಲ್ಲ ದಸ್ತಾವೇಜೇ. ಆ ಬಾಗಿಲಿನಿಂದ ಟೇಪು ಒಳಬಂತು. ಮುಂಬಯಿಯ ಕೊರೋನರ್ ಒಬ್ಬರ ಮೇಲಿನ ಲಂಚದ ಪ್ರಕರಣದಲ್ಲಿ 1972ರಲ್ಲಿ ಸುಪ್ರೀಂ ಕೋರ್ಟು, ಟೇಪಾದ ಮಾತುಕತೆಯನ್ನು ಘಟನೆಯ ಛಾಯಾಚಿತ್ರಕ್ಕೆ ಹೋಲಿಸಿತು. 1985ರ ರಾಮ್ ಸಿಂಗ್ ಪ್ರಕರಣದಲ್ಲಿ ಷರತ್ತುಗಳು ಸ್ಪಷ್ಟವಾದವು: ಧ್ವನಿ ಯಾರದೆಂದು ಗುರುತಾಗಬೇಕು, ಅಳಿಸಿ ತಿದ್ದಿದ ಸಂಶಯವಿರಬಾರದು, ಕ್ಯಾಸೆಟ್ಟು ಮೊಹರಾಗಿ ಸುರಕ್ಷಿತ ವಶದಲ್ಲಿರಬೇಕು.

ವಿಡಿಯೋ ಇನ್ನೊಂದು ಪ್ರಶ್ನೆ ತಂದಿತು. ಸಾಕ್ಷಿ ಬೇರೊಂದು ದೇಶದಲ್ಲಿದ್ದು ತೆರೆಯ ಮೇಲೆ ಮಾತ್ರ ಕಂಡರೆ ಅದು ಹಾಜರಾತಿಯೇ? ಈ ವಿಷಯದಲ್ಲಿ ಕರ್ನಾಟಕ ಹೈಕೋರ್ಟಿನ ಪಾತ್ರ ಗಮನಾರ್ಹ. ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಚಿತ್ರಸಂಸ್ಥೆ ಕಕ್ಷಿಯಾಗಿದ್ದ ದಾವೆಯಲ್ಲಿ ಅಮೆರಿಕದ ಸಾಕ್ಷಿಗಳನ್ನು ದೃಶ್ಯ-ಶ್ರವಣ ಸಂಪರ್ಕದ ಮೂಲಕ ವಿಚಾರಿಸಲು 2003ರಲ್ಲಿ ಒಪ್ಪಿದ ಹೈಕೋರ್ಟು, ಎಚ್ಚರಿಕೆಯ ಪಟ್ಟಿಯನ್ನೇ ನೀಡಿತು. ತೆರೆಯ ಮೇಲಿರುವವರು ತಾವೇ ಎಂದು ಸಾಕ್ಷಿ ಪ್ರಮಾಣಪತ್ರ ಸಲ್ಲಿಸಬೇಕು. ಕೋಣೆಯಲ್ಲಿ ಸಾಕ್ಷಿ ಒಬ್ಬರೇ ಇದ್ದರೆಂದು ನೋಟರಿ ದೃಢಪಡಿಸಬೇಕು. ಎರಡೂ ತುದಿಗಳಲ್ಲಿ ಚಿತ್ರೀಕರಣವಾಗಬೇಕು. ವಿಚಾರಣೆ ಭಾರತದ ಕೋರ್ಟಿನ ವೇಳೆಯಲ್ಲೇ ನಡೆಯಬೇಕು. ಅಮೆರಿಕದಲ್ಲಿ ಆಗ ನಡುರಾತ್ರಿ ಎಂಬ ನೆಪ ನಡೆಯದು.

ಅದೇ ವರ್ಷ ಏಪ್ರಿಲ್ 1ರಂದು ಸುಪ್ರೀಂ ಕೋರ್ಟು ಪ್ರಫುಲ್ ದೇಸಾಯಿ ಪ್ರಕರಣದಲ್ಲಿ, ಕ್ರಿಮಿನಲ್ ಮೊಕದ್ದಮೆಗೂ ಈ ಕ್ರಮ ಸಲ್ಲುತ್ತದೆ ಎಂದಿತು. ನ್ಯೂಯಾರ್ಕಿನ ವೈದ್ಯರೊಬ್ಬರು ಸಾಕ್ಷ್ಯ ಹೇಳಲು ಸಿದ್ಧರಿದ್ದರು, ಭಾರತಕ್ಕೆ ಬರಲು ಒಪ್ಪಿರಲಿಲ್ಲ. ಸಾಕ್ಷ್ಯ ಆರೋಪಿಯ ಸಮ್ಮುಖದಲ್ಲೇ ನಡೆಯಬೇಕೆಂಬ ನಿಯಮಕ್ಕೆ ಒಂದೇ ಕೋಣೆಯಲ್ಲಿರಬೇಕೆಂಬ ಅರ್ಥವಿಲ್ಲ, ಕಿಕ್ಕಿರಿದ ಕೋರ್ಟಿಗಿಂತ ತೆರೆಯ ಮೇಲೆಯೇ ಆರೋಪಿಗೆ ಸಾಕ್ಷಿ ಚೆನ್ನಾಗಿ ಕಾಣಬಹುದು ಎಂದಿತು ಪೀಠ. 2004ರ ಸಾಕ್ಷಿ ಸಂಸ್ಥೆಯ ಪ್ರಕರಣದಲ್ಲಿ, ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಕ್ಕಳು ಆರೋಪಿಯ ಮುಖ ನೋಡದೆ ಸಾಕ್ಷ್ಯ ನುಡಿಯುವಂತೆ ತೆರೆ ಮರೆಯ ವ್ಯವಸ್ಥೆಗೆ ಸಮ್ಮತಿ ದೊರೆಯಿತು.

ಸಹಿ ಹಾಕುವವರು ಯಾರು?

ಕೊನೆಗೂ ಉಳಿದದ್ದು ನ್ಯೂರೆಂಬರ್ಗ್‌ನ ಪ್ರಶ್ನೆಯೇ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಮೂಲಕ ಸಾಕ್ಷ್ಯ ಅಧಿನಿಯಮಕ್ಕೆ 65-ಬಿ ಕಲಂ ಸೇರಿತು. ವಿದ್ಯುನ್ಮಾನ ದಾಖಲೆಯ ಪ್ರತಿ ತರುವವರು, ಅದು ಯಾವ ಯಂತ್ರದಿಂದ ಹೇಗೆ ಬಂತೆಂದು ಹೊಣೆಗಾರರಿಂದ ಪ್ರಮಾಣಪತ್ರ ತರಬೇಕು. ಈ ಕಾಗದದ ತೂಕ ತಿಳಿದದ್ದು ಜಾಲ್ನಾದಲ್ಲಿ. ಮಹಾರಾಷ್ಟ್ರದ 2014ರ ವಿಧಾನಸಭೆ ಚುನಾವಣೆಯಲ್ಲಿ ಅಲ್ಲಿನ ಅಭ್ಯರ್ಥಿಯ ನಾಮಪತ್ರ ಗಡುವಾದ 3 ಗಂಟೆಯ ನಂತರ ಬಂತೆಂಬುದು ತಕರಾರು. ಚುನಾವಣಾ ಕಚೇರಿಯ ಒಳಗೂ ಹೊರಗೂ ಕ್ಯಾಮರಾಗಳಿದ್ದವು, ಸಿ.ಡಿ.ಗಳೂ ಬಂದವು, ಎಷ್ಟು ಕೇಳಿದರೂ ಅಧಿಕಾರಿಗಳು ಪ್ರಮಾಣಪತ್ರ ಕೊಡಲಿಲ್ಲ. ಪ್ರತಿಗೆ ಪ್ರಮಾಣಪತ್ರ ಕಡ್ಡಾಯ, ಅದು ಸಿಗದವರು ಕೋರ್ಟಿನ ಮೂಲಕ ತರಿಸಿಕೊಳ್ಳಬಹುದು ಎಂದು 2020ರ ಜುಲೈ 14ರಂದು ಸುಪ್ರೀಂ ಕೋರ್ಟು ತೀರ್ಮಾನಿಸಿತು.

2024ರ ಜುಲೈ 1ರಂದು ಜಾರಿಗೆ ಬಂದ ಹೊಸ ಕಾನೂನುಗಳು ಶೋಧನೆ ಮತ್ತು ಜಪ್ತಿಯ ಚಿತ್ರೀಕರಣವನ್ನು ಕಡ್ಡಾಯ ಮಾಡಿವೆ. ಮಹಜರಿಗೆ ಸಹಿ ಹಾಕಿದ ಪಂಚರು ಕಟಕಟೆಯಲ್ಲಿ ತಿರುಗಿಬೀಳುವುದನ್ನು ಕಂಡ ದೇಶದಲ್ಲಿ ಇದು ಸಣ್ಣ ಬದಲಾವಣೆಯಲ್ಲ. ಮನೆಯಲ್ಲಿ ಸಿಕ್ಕಿತೆಂದು ಹೇಳುವ ವಸ್ತು ನಿಜಕ್ಕೂ ಅಲ್ಲಿ ಸಿಕ್ಕಿತೇ ಎಂಬುದರ ಮೇಲೆ ಬಡ ಆರೋಪಿಯ ಬಿಡುಗಡೆಯೋ ಬಂಧನವೋ ನಿಂತಿರುತ್ತದೆ. ಜೊತೆಗೆ, ಕಡತವನ್ನು ತಿದ್ದಿದರೆ ಪತ್ತೆಹಚ್ಚಲು ನೆರವಾಗುವ 'ಹ್ಯಾಶ್' ಸಂಖ್ಯೆಯನ್ನು ಹೊಸ ಪ್ರಮಾಣಪತ್ರದಲ್ಲಿ ನಮೂದಿಸಬೇಕು.

ಆದರೂ ಕ್ಯಾಮರಾ ಯಾವಾಗ ಚಾಲೂ ಆಯಿತು, ಯಾವ ಕಡೆ ತಿರುಗಿತ್ತು, ಯಾವಾಗ ನಿಂತಿತು ಎಂಬುದನ್ನು ಆ ಸಂಖ್ಯೆ ಹೇಳದು. ಅದನ್ನು ಹೇಳಬೇಕಾದವರು ಕ್ಯಾಮರಾ ಹಿಡಿದಿದ್ದ ಮನುಷ್ಯ. ಅವರನ್ನು ಪಾಟೀಸವಾಲಿಗೆ ಒಳಪಡಿಸಿದ ಮೇಲೆಯೇ ಪ್ರತ್ಯಕ್ಷವು ಪ್ರಮಾಣವಾಗುತ್ತದೆ.