ನಿರೀಕ್ಷೆ
ಕ್ರೈಸ್ತ ಧರ್ಮದ ಭರವಸೆಗೆ ಕನ್ನಡ ಬೈಬಲಿನ ಪದ. ನಂಬಿಕೆ, ಪ್ರೀತಿಗಳೊಡನೆ ಅಪೊಸ್ತಲ ಪೌಲನು ಎಣಿಸುವ ಮೂರು ಗುಣಗಳಲ್ಲಿ ಒಂದು. ಬರಿಯ ಕಾಯುವಿಕೆ ಎಂದು ಇದನ್ನು ತಿಳಿಯುವುದು ತಪ್ಪು; ಬರುವುದನ್ನು ನಂಬಿ ಮೊದಲೇ ದುಡಿಯುವುದೂ ಇದರಲ್ಲಿದೆ. ಕದಂಬ ದೊರೆ ಮಯೂರಶರ್ಮನ ಕೆರೆಯನ್ನು ದಾಖಲಿಸುವ ಚಂದ್ರವಳ್ಳಿ ಶಾಸನದ ಸೀಮೆಗೆ ಇದು ಸುಲಭವಾಗಿ ಅರ್ಥವಾಗಬೇಕು: ಕೆರೆಯನ್ನು ಕಟ್ಟುವುದು ಮಳೆ ಬರುವ ಮುನ್ನ. ಈ ನಿರೀಕ್ಷೆಯ ಕಠಿಣ ಪರೀಕ್ಷೆ 1876–78ರ ಧಾತು-ಈಶ್ವರ ಸಂವತ್ಸರಗಳ ಬರದಲ್ಲಿ ನಡೆಯಿತು. 1871ರಲ್ಲಿ 50,55,412 ಇದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ಕ್ಕೆ 41,86,188ಕ್ಕೆ ಇಳಿಯಿತು. ತಬ್ಬಲಿಗಳಾದ ಮಕ್ಕಳಿಗೆ ವೆಸ್ಲಿಯನ್ ಮಿಷನ್ ತುಮಕೂರು, ಹಾಸನಗಳಲ್ಲಿ ಅನಾಥಾಲಯ ನಡೆಸಿತು. ಕ್ಯಾಥೊಲಿಕರು ನೆಲಮಂಗಲ ಸೀಮೆಯ ಶಿಲುವೆಪುರದಲ್ಲಿ ಅವರಿಗೆ ಬೇಸಾಯದ ನೆಲೆ ಕಟ್ಟಿದರು.

ಈ ಮಕ್ಕಳು ಕ್ರೈಸ್ತರಾದದ್ದು ಭರವಸೆಯಿಂದಲ್ಲ, ಅದು ಗಂಜಿಗಾಗಿ ಆದ ಮತಾಂತರ ಎಂಬ ಆಕ್ಷೇಪವುಂಟು. ಅದನ್ನು ತಳ್ಳಿಹಾಕುವಂತಿಲ್ಲ, ಹಸಿದ ಮಗುವಿನ ಒಪ್ಪಿಗೆಯನ್ನು ಆಯ್ಕೆ ಎನ್ನಲಾಗದು. ಸರ್ಕಾರದ ಗಂಜಿಕೇಂದ್ರಗಳೂ ಯಾವ ಧರ್ಮವನ್ನೂ ಕೇಳದೆ ಜೀವ ಉಳಿಸಿದವು. ಆದರೆ ಮಳೆ ಬಂದು ಬೆಳೆ ಕೈಗೆ ಹತ್ತಿದ ಮೇಲೆ ಗಂಜಿಯ ಹಂಗು ತೀರುತ್ತದೆ. ಅದೊಂದೇ ಕಾರಣವಾಗಿದ್ದರೆ ಆ ಕ್ರೈಸ್ತ ಸಮುದಾಯಗಳು ಚದುರಿಹೋಗಬೇಕಿತ್ತು. ಬದುಕಿ ಉಳಿದವರನ್ನು ಒಟ್ಟಿಗೆ ಹಿಡಿದಿಟ್ಟದ್ದು, ನೋವು ಉಂಡ ದೇವರು ತಮ್ಮ ನೋವನ್ನೂ ಬಲ್ಲನೆಂಬ ನಂಬಿಕೆ. ಆ ನೋವಿನ ಗುರುತಾದ ಶಿಲುವೆಯನ್ನೇ ಹೆಸರಾಗಿ ಹೊತ್ತ ಶಿಲುವೆಪುರದಲ್ಲಿ ಕನ್ನಡ ಕ್ರೈಸ್ತರು ಇಂದಿಗೂ ನೆಲೆಸಿದ್ದಾರೆ.