ಎತ್ತು ಮುದಿಯಾದ ಮೇಲೆ

ಕಲಬುರಗಿ ಜಿಲ್ಲೆಯ ಕಮಲಾಪುರ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಕೆಂಪು ಬಾಳೆ. ಆದರೆ ಈ ಸೀಮೆಯ ಒಕ್ಕಲುತನವನ್ನು ತಲೆಮಾರುಗಳಿಂದ ಎಳೆದದ್ದು ಎತ್ತುಗಳು. ಎರೆಭೂಮಿ ಮಳೆ ಬಿದ್ದರೆ ಅಂಟು, ಬಿಸಿಲು ಬಿದ್ದರೆ ಬಿರುಕು. ಹದ ಇರುವ ನಾಲ್ಕು ದಿನದಲ್ಲೇ ಕುಂಟೆ ಹೊಡೆದು ಕೂರಿಗೆ ಹೂಡಬೇಕು. ಆಗ ಜೋಡೆತ್ತು ಇಲ್ಲದವನಿಗೆ ತೊಗರಿಯೂ ಇಲ್ಲ, ಜೋಳವೂ ಇಲ್ಲ.

ಇಲ್ಲಿಗೆ ಒಗ್ಗಿದ ತಳಿ ದೇವಣಿ. ಆ ಹೆಸರಿನ ಊರು ನಿಜಾಮರ ಕಾಲದಲ್ಲಿ ಬೀದರ್ ಜಿಲ್ಲೆಗೆ ಸೇರಿತ್ತು. 1956ರಲ್ಲಿ ಭಾಷಾವಾರು ಗಡಿ ಬಿದ್ದಾಗ ಊರು ಮರಾಠಿ ಸೀಮೆಗೆ ಹೋಯಿತು, ದನಗಳು ಎರಡೂ ಕಡೆ ಉಳಿದವು. ಗೀರ್, ಡಾಂಗಿ ಮತ್ತು ಸ್ಥಳೀಯ ದನಗಳ ಬೆರಕೆಯಿಂದ ಬಂದ ಈ ತಳಿಯಲ್ಲಿ ಮೂರು ಬಗೆ: ಬಿಳಿ ಮೈ, ಮುಖದ ಪಕ್ಕ ಕಪ್ಪಿದ್ದರೆ ವಾನೆರಾ, ಹೊಟ್ಟೆಯ ಕೆಳಗೆ ಕಪ್ಪು ಚುಕ್ಕೆಯಿದ್ದರೆ ಬಾಲಂಕ್ಯಾ, ಮೈತುಂಬ ಚುಕ್ಕೆಯಿದ್ದರೆ ಶೆವೆರಾ. ಆಕಳು ಮನೆಗೆ ಹಾಲು ಕೊಟ್ಟರೆ ಹೋರಿ ಹೊಲಕ್ಕೆ ದುಡಿಯುತ್ತಿತ್ತು.

ಕಾರಹುಣ್ಣಿಮೆಗೆ ಕೊಂಬಿಗೆ ಬಣ್ಣ ಬಳಿದು ಪೂಜಿಸುವ ಇದೇ ಎತ್ತು ಮುದಿಯಾದಾಗ ಏನಾಗುತ್ತಿತ್ತು? ಹಬ್ಬದ ವರ್ಣನೆಗಳು ಈ ಪ್ರಶ್ನೆಯ ಹತ್ತಿರ ಸುಳಿಯುವುದಿಲ್ಲ. ಅದು ಸಂತೆಗೆ ಹೋಗುತ್ತಿತ್ತು. ದಲ್ಲಾಳಿ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕಟ್ಟುತ್ತಿದ್ದ. ಬಂದ ದುಡ್ಡಿಗೆ ಇನ್ನಷ್ಟು ಸೇರಿಸಿ ರೈತ ಹರೆಯದ ಹೋರಿ ತರುತ್ತಿದ್ದ. ಮಾರುವಾಗ ಕಣ್ಣೀರು ಹಾಕಿದ ಮನೆಗಳು ಎಷ್ಟೋ. ಆದರೂ ಮಾರಲೇಬೇಕಿತ್ತು: ಬರಗಾಲದ ನಾಡಿನಲ್ಲಿ ಕಣಕಿಯ ಬಣವೆ ದುಡಿಯುವ ದನಕ್ಕೇ ಸಾಲುತ್ತಿರಲಿಲ್ಲ.

ಸಂತೆಯಿಂದ ಮುದಿ ಎತ್ತು ಕಸಾಯಿಖಾನೆಗೆ ಹೋಗುತ್ತಿತ್ತು; ಅದರ ಮಾಂಸ ಕಲಬುರಗಿಯ ಬಡ ಮುಸ್ಲಿಂ ಮತ್ತು ದಲಿತ ಮನೆಗಳಿಗೆ, ತಹಾರಿ ಎಂಬ ಮಾಂಸದನ್ನದ ಹಂಡೆಗಳಿಗೆ ಸೇರುತ್ತಿತ್ತು. ಕುರಿಮಾಂಸ ಕೊಳ್ಳಲಾಗದವರ ಊಟ ಅದು. ತೊಗಲು ಮಾತ್ರ ಹೊಲಕ್ಕೇ ಮರಳುತ್ತಿತ್ತು. ಮಿಣಿ, ಬಾರುಕೋಲು, ಬಾವಿಯಿಂದ ನೀರೆತ್ತುವ ಕಪಿಲೆಯ ಚೀಲ, ಕೆರ, ಎಲ್ಲವೂ ತೊಗಲಿನವೇ. ಅದನ್ನು ಹದ ಮಾಡಿದ ಕೈಗಳಿಲ್ಲದೆ ಬೇಸಾಯ ನಡೆಯುತ್ತಿರಲಿಲ್ಲ; ಆ ಕೈಗಳನ್ನೇ ಊರು ದೂರ ಇಟ್ಟಿತು. ಈ ಅನ್ಯಾಯವನ್ನು ಬಿಟ್ಟು ದನಗಾರಿಕೆಯ ಇತಿಹಾಸ ಬರೆಯಲಾಗದು.

ಈ ಸರಪಳಿಗೆ ಕಾನೂನು ಬಂದದ್ದು ಹಂತಹಂತವಾಗಿ. ಹೈದರಾಬಾದ್ ರಾಜ್ಯದಲ್ಲಿ 1950ರಲ್ಲೇ ಪ್ರಾಣಿವಧೆಯ ಕಾಯ್ದೆಯಿತ್ತು. 1958ರಲ್ಲಿ ಖುರೇಶಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆಕಳ ವಧೆಯ ಪೂರ್ಣ ನಿಷೇಧವನ್ನು ಎತ್ತಿಹಿಡಿಯಿತು, ದುಡಿಮೆಗೆ ಬಾರದ ಎತ್ತಿಗೆ ಅದನ್ನು ಒಪ್ಪಲಿಲ್ಲ. ಮೈಸೂರು ರಾಜ್ಯದ 1964ರ ಕಾಯ್ದೆಯೂ ಅದೇ ದಾರಿ ಹಿಡಿದು, 12 ವರ್ಷ ದಾಟಿದ ಅಥವಾ ಕೆಲಸಕ್ಕೆ ಬಾರದ ಎತ್ತು, ಎಮ್ಮೆ, ಕೋಣಗಳಿಗೆ ಪ್ರಮಾಣಪತ್ರದ ಮೇಲೆ ಅವಕಾಶ ಕೊಟ್ಟಿತು. ಆದರೆ 2005ರಲ್ಲಿ ಸುಪ್ರೀಂ ಕೋರ್ಟೇ ತನ್ನ ನಿಲುವು ಬದಲಿಸಿ ಎತ್ತಿಗೂ ಪೂರ್ಣ ನಿಷೇಧವನ್ನು ಒಪ್ಪಿತು.

2021ರ ಜನವರಿಯಲ್ಲಿ ಜಾರಿಯಾದ ಕರ್ನಾಟಕದ ಹೊಸ ಕಾಯ್ದೆಯಲ್ಲಿ ವಧೆಗೆ ಅವಕಾಶ ಉಳಿದದ್ದು 13 ವರ್ಷ ದಾಟಿದ ಎಮ್ಮೆ-ಕೋಣಗಳಿಗೆ ಮಾತ್ರ. ತಪ್ಪಿದರೆ 3ರಿಂದ 7 ವರ್ಷ ಜೈಲು, 50 ಸಾವಿರದಿಂದ 5 ಲಕ್ಷ ರೂಪಾಯಿ ದಂಡ. ಅಷ್ಟರಲ್ಲಿ ಟ್ರ್ಯಾಕ್ಟರ್ ಎತ್ತಿನ ಕೆಲಸವನ್ನು ಕಸಿದಾಗಿತ್ತು. ಮುದಿ ಎತ್ತಿಗೆ ಸಂತೆಯೂ ಇಲ್ಲವಾದ ಮೇಲೆ ಸಣ್ಣ ರೈತ ಹೋರಿ ಸಾಕುವ ಮುಂಚೆ ಎರಡು ಸಲ ಯೋಚಿಸಬೇಕಾಗಿದೆ. ದೇವಣಿ ತಳಿ ಉಳಿಯಬೇಕೆಂದರೆ ಮುದಿ ದನದ ಮೇವಿನ ಖರ್ಚನ್ನು ಅವನೊಬ್ಬನ ಮೇಲೆ ಹೊರಿಸದೆ ಸರ್ಕಾರವೇ ಭರಿಸಬೇಕು.