ಎತ್ತರದಲ್ಲಿ ಹೆಲಿಕಾಪ್ಟರಿನ ಭಾರವಹನ ಸಾಮರ್ಥ್ಯ

ಸಮುದ್ರಮಟ್ಟದಿಂದ ಮೇಲೇರಿದಂತೆಯೂ ಬಿಸಿಲು ಹೆಚ್ಚಿದಂತೆಯೂ ಗಾಳಿ ತೆಳುವಾಗುವುದರಿಂದ, ಹೆಲಿಕಾಪ್ಟರ್ ಎಷ್ಟು ಹೊರೆಯನ್ನು ಎತ್ತಬಲ್ಲದೆಂಬುದನ್ನು ಆಯಾ ಸ್ಥಳ ಮತ್ತು ಹೊತ್ತಿಗೆ ಅನುಗುಣವಾಗಿ ಲೆಕ್ಕ ಹಾಕಬೇಕಾಗುತ್ತದೆ. ತಯಾರಕರು ನಮೂದಿಸುವ ಗರಿಷ್ಠ ತೂಕವು ಯಂತ್ರದ ಒಡಲೂ ಗೇರ್‌ಬಾಕ್ಸೂ ತಾಳಿಕೊಳ್ಳುವ ಮಿತಿಯೇ ಹೊರತು, ಎಲ್ಲ ಎತ್ತರಗಳಲ್ಲೂ ಅಷ್ಟನ್ನು ಎತ್ತಬಹುದೆಂಬ ಭರವಸೆಯಲ್ಲ.

ತಿರುಗುವ ರೋಟರ್ ಗಾಳಿಯನ್ನು ಕೆಳಕ್ಕೆ ತಳ್ಳುವುದರಿಂದ ಹೆಲಿಕಾಪ್ಟರ್ ಮೇಲೇಳುತ್ತದೆ. ನಿಂತಲ್ಲೇ ತೇಲಲು, ಅಂದರೆ ಹೋವರ್ ಮಾಡಲು, ಬೇಕಾಗುವ ಕನಿಷ್ಠ ಶಕ್ತಿಯು ತೂಕದ ಒಂದೂವರೆ ಘಾತಕ್ಕೆ ನೇರ ಅನುಪಾತದಲ್ಲೂ, ಗಾಳಿಯ ಸಾಂದ್ರತೆ ಮತ್ತು ರೋಟರ್ ಬೀಸುವ ವೃತ್ತದ ವಿಸ್ತೀರ್ಣ ಇವೆರಡರ ಗುಣಲಬ್ಧದ ವರ್ಗಮೂಲಕ್ಕೆ ವಿಲೋಮ ಅನುಪಾತದಲ್ಲೂ ಇರುತ್ತದೆ. ಅಲಗುಗಳ ಘರ್ಷಣೆಯೇ ಮೊದಲಾದ ನಷ್ಟಗಳನ್ನು ಸೇರಿಸಿದರೆ ಈ ಮೊತ್ತ ಸುಮಾರು 1.4 ಪಟ್ಟಾಗುತ್ತದೆ, ಬಾಲದ ರೋಟರ್ ಇಂಜಿನ್ ಶಕ್ತಿಯ ಹತ್ತರಲ್ಲೊಂದು ಪಾಲನ್ನು ಕಬಳಿಸುತ್ತದೆ. ಇತ್ತ ಬೇಕಾದ ಶಕ್ತಿ ಏರುತ್ತಿರುವಾಗಲೇ ಅತ್ತ ತೆಳುಗಾಳಿಯನ್ನು ಉಸಿರಾಡುವ ಟರ್ಬೈನ್ ಇಂಜಿನ್ನಿನ ಶಕ್ತಿ ಇಳಿಯುತ್ತಿರುತ್ತದೆ. ಸಮಸ್ಯೆಯ ತಿರುಳಿರುವುದು ಈ ಎರಡು ಕಡೆಯ ಇಕ್ಕಟ್ಟಿನಲ್ಲಿ.

ಲೆಕ್ಕದ ಮೊದಲ ಹೆಜ್ಜೆ ಸಾಂದ್ರತಾ ಎತ್ತರವನ್ನು ಕಂಡುಕೊಳ್ಳುವುದು. ಸ್ಥಳವೊಂದರ ಗಾಳಿಯಷ್ಟೇ ತೆಳುವಾದ ಗಾಳಿ, ಲೆಕ್ಕಕ್ಕೆಂದು ಒಪ್ಪಿಕೊಂಡ ಮಾದರಿಯಾದ ಪ್ರಮಾಣಿತ ವಾತಾವರಣದಲ್ಲಿ ಯಾವ ಎತ್ತರದಲ್ಲಿ ದೊರೆಯುತ್ತದೆಯೋ ಅದೇ ಆ ಸ್ಥಳದ ಸಾಂದ್ರತಾ ಎತ್ತರ. ದಾವಣಗೆರೆ ಇರುವುದು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲೆ. ಪ್ರಮಾಣಿತ ವಾತಾವರಣದ ಪ್ರಕಾರ ಅಲ್ಲಿ 11 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಇರಬೇಕು. ಆದರೆ ಬೇಸಿಗೆಯ ಮಧ್ಯಾಹ್ನ 38 ಡಿಗ್ರಿಯಾದಾಗ ಗಾಳಿಯ ಸಾಂದ್ರತೆ ಘನಮೀಟರಿಗೆ ಸುಮಾರು 1.06 ಕಿಲೋಗ್ರಾಮಿಗೆ ಇಳಿದು, ಸಾಂದ್ರತಾ ಎತ್ತರವು 1,500 ಮೀಟರನ್ನು ದಾಟುತ್ತದೆ. ಬಯಲುಸೀಮೆಯ ಈ ನಗರದಲ್ಲಿ ಹೆಲಿಕಾಪ್ಟರಿಗೆ ಆ ಹೊತ್ತು ಸಿಗುವುದು ಕೆಮ್ಮಣ್ಣುಗುಂಡಿಯ ಎತ್ತರದ ಗಾಳಿ. ಸುಮಾರು 3,250 ಮೀಟರ್ ಎತ್ತರದ ಲೇಹ್‌ನಲ್ಲಿ 25 ಡಿಗ್ರಿ ಉಷ್ಣತೆಯಿದ್ದರೆ ಇದೇ ಲೆಕ್ಕವು 4,300 ಮೀಟರನ್ನು ಮುಟ್ಟುತ್ತದೆ.

ಕರ್ನಾಟಕದಲ್ಲೇ ರೂಪುಗೊಂಡ ಹಗುರ ಬಳಕೆಯ ಹೆಲಿಕಾಪ್ಟರ್ ಎಲ್‌ಯುಎಚ್ ಇದಕ್ಕೆ ಒಳ್ಳೆಯ ಉದಾಹರಣೆ. ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆ, ಅಂದರೆ ಎಚ್‌ಎಎಲ್, ವಿನ್ಯಾಸಗೊಳಿಸಿದ ಈ ಯಂತ್ರ 2016ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ಮೊದಲು ಹಾರಿತು. ಇದರ ತಯಾರಿಕೆಗಾಗಿ ಕಟ್ಟಿದ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಗೊಂಡಿತು. ಗರಿಷ್ಠ ತೂಕ 3,150 ಕಿಲೋಗ್ರಾಂ, ಬರಿದಾದ ತೂಕ ಸುಮಾರು 1,910 ಕಿಲೋಗ್ರಾಂ, ರೋಟರ್ ವ್ಯಾಸ 11.6 ಮೀಟರ್, ಇಂಜಿನ್ ಶಕ್ತಿ ಸುಮಾರು 750 ಕಿಲೋವ್ಯಾಟ್. ಇಂಜಿನ್ ಶಕ್ತಿ ಗಾಳಿಯ ಸಾಂದ್ರತೆಯ ಅನುಪಾತದಲ್ಲೇ ಇಳಿಯುತ್ತದೆಂದು ಹಿಡಿದರೆ, ದಾವಣಗೆರೆಯ ಆ ಬಿಸಿಲಲ್ಲಿ 645 ಕಿಲೋವ್ಯಾಟ್ ದೊರೆಯುತ್ತದೆ, ಪೂರ್ಣ ತೂಕದಲ್ಲಿ ತೇಲಲು 580 ಸಾಕು. ಲೇಹ್‌ನಲ್ಲಾದರೋ ದೊರೆಯುವುದು 485, ಬೇಕಾದದ್ದು 665. ಕೊರತೆ ನೀಗಬೇಕಾದರೆ ಒಟ್ಟು ತೂಕವನ್ನು ಸುಮಾರು 2,550 ಕಿಲೋಗ್ರಾಮಿಗೆ ಇಳಿಸಬೇಕು. ಒಟ್ಟು ತೂಕ ಹೀಗೆ ಐದರಲ್ಲೊಂದು ಪಾಲು ಮಾತ್ರ ತಗ್ಗಿದರೂ, ಯಂತ್ರದ ಸ್ವಂತ ತೂಕ ಕರಗುವುದಿಲ್ಲವಾದ್ದರಿಂದ, ಪೈಲಟ್‌ಗಳು, ಇಂಧನ ಮತ್ತು ಸರಕು ಮೂರಕ್ಕೂ ಸೇರಿ ಉಳಿಯುವ ಪಾಲು 1,240ರಿಂದ 640 ಕಿಲೋಗ್ರಾಮಿಗೆ, ಹೆಚ್ಚುಕಡಿಮೆ ಅರ್ಧಕ್ಕೆ, ಕುಸಿಯುತ್ತದೆ. ಇದು ಒರಟು ಅಂದಾಜು; ನಿಜವಾದ ಹಾರಾಟಕ್ಕೆ ಪರೀಕ್ಷೆಗಳಿಂದ ಪಡೆದ ಕೈಪಿಡಿಯ ನಕ್ಷೆಗಳೇ ಆಧಾರ.

ನೆಲಕ್ಕೆ ಸಮೀಪವಾಗಿ, ಸರಿಸುಮಾರು ರೋಟರ್ ವ್ಯಾಸಕ್ಕಿಂತ ಕಡಿಮೆ ಎತ್ತರದಲ್ಲಿ ತೇಲುವಾಗ, ಕೆಳಕ್ಕೆ ನೂಕಿದ ಗಾಳಿಗೆ ನೆಲ ಅಡ್ಡ ಬರುವುದರಿಂದ ಕಡಿಮೆ ಶಕ್ತಿ ಸಾಕಾಗುತ್ತದೆ. ಹರಿಹರದಂಥ ನದೀತೀರದ ಊರಿನಲ್ಲಿ ತುಂಗಭದ್ರೆಯ ನೆರೆಯ ನಡುವಿನಿಂದ, ಅದಕ್ಕಿಂತ ಎತ್ತರದಲ್ಲಿ ತೇಲುತ್ತ, ಜನರನ್ನು ಹಗ್ಗದಲ್ಲಿ ಎತ್ತಬೇಕಾದಾಗ ಈ ಅನುಕೂಲ ಸಿಗುವುದಿಲ್ಲ. ಆದ್ದರಿಂದ ನೆಲದ ಆಸರೆ ಇದ್ದಾಗಿನ ಮತ್ತು ಇಲ್ಲದಾಗಿನ ನಕ್ಷೆಗಳನ್ನು ಬೇರೆಬೇರೆಯಾಗಿ ಕೊಟ್ಟಿರುತ್ತಾರೆ. ರಕ್ಷಣೆಗೆ ಹೊರಟವರು ಮೊದಲನೆಯದನ್ನು ನೆಚ್ಚಿಕೊಳ್ಳುವುದು ಅಪಾಯಕರ.

ಭಾರಿ ಯಂತ್ರಗಳಿಗೂ ಇದೇ ನಿಯಮ ಅನ್ವಯಿಸುತ್ತದೆ. 32 ಮೀಟರ್ ವ್ಯಾಸದ ರೋಟರ್ ಇರುವ, ರಷ್ಯಾ ಮೂಲದ ಎಂಐ-26ರ ಗರಿಷ್ಠ ತೂಕ 56 ಟನ್, ಸರಕು 20 ಟನ್. ಎತ್ತರದ ನೆಲೆಗಳಲ್ಲಿ ಈ 20 ಟನ್ನಿನ ಅಂಕಿಯನ್ನು ನಂಬಿ ಯೋಜನೆ ಹಾಕುವಂತಿಲ್ಲ. ಭಾರತೀಯ ವಾಯುಪಡೆಗೆ 2019ರಲ್ಲಿ ಸೇರಿದ ಚಿನೂಕ್‌ನಲ್ಲಿ ಎರಡು ರೋಟರ್‌ಗಳು ಪರಸ್ಪರ ವಿರುದ್ಧ ದಿಕ್ಕಿನಲ್ಲಿ ತಿರುಗುವುದರಿಂದ ಬಾಲದ ರೋಟರಿಗೆ ಶಕ್ತಿ ವ್ಯಯವಾಗುವುದಿಲ್ಲ, ಬೆಟ್ಟದ ಕೆಲಸದಲ್ಲಿ ಇದು ದೊಡ್ಡ ಲಾಭ. ಇಂಧನವನ್ನು ಕಡಿಮೆ ತುಂಬಿಸಿ ಸರಕು ಹೆಚ್ಚಿಸುವುದೂ, ತಂಪಾದ ಮುಂಜಾನೆಯಲ್ಲೇ ಹಾರುವುದೂ ರೂಢಿಯಲ್ಲಿರುವ ಉಪಾಯಗಳು. ಎಲ್‌ಯುಎಚ್ 2020ರಲ್ಲಿ ಲೇಹ್‌ನಿಂದ ಹೊರಟು ಸುಮಾರು 5,000 ಮೀಟರ್ ಎತ್ತರದ ದೌಲತ್ ಬೇಗ್ ಓಲ್ಡಿಯಲ್ಲಿ, ಪ್ರಮಾಣಿತ ಉಷ್ಣತೆಗಿಂತ ಹೆಚ್ಚಿನ ಬಿಸಿಯಲ್ಲಿ ತೇಲುವ ಪರೀಕ್ಷೆಯನ್ನು ಪೂರೈಸಿತು.